ಎಷ್ಟಾಯ್ತು ಅಲ್ಲ, ಇನ್ನೆಷ್ಟು ದಿನ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಟ್ಟಡ ಕೆಲಸದ ಷೆಡ್ಯೂಲ್, ಅದನ್ನು ಹಾಕುವ ಎಂಎಸ್ ಪ್ರಾಜೆಕ್ಟ್, ಪ್ರೈಮಾವೆರಾ ಪಿ6 ಎಂಬ ಸಾಫ್ಟ್‌ವೇರ್‌ಗಳ ಕುರಿತವು. ಮಳೆಗಾಲ ಹತ್ತಿರವಾದಾಗ ಮಲೆನಾಡಿನಲ್ಲಿ ಎಲ್ಲರಿಗೂ ದಿನ ಎಣಿಸುವ ಆತುರ.

ಜಂಬಿಟ್ಟಿಗೆ ತಡೆಗೋಡೆ 60 ಮೀಟರ್, 20 ದಿನದ ಕೆಲಸ ಎಂದು ಎಂಎಸ್ ಪ್ರಾಜೆಕ್ಟ್‌ನಲ್ಲಿ ಹಾಕಿದ್ದೆ. 12 ದಿನ ಕಳೆಯಿತು, ಗೋಡೆ ಎದ್ದದ್ದು 30 ಮೀಟರ್. ಎಷ್ಟು ಪರ್ಸೆಂಟ್ ತುಂಬಬೇಕು?
– ಓದುಗರು, ಸಾಗರ

ಪರ್ಸೆಂಟ್ ತುಂಬಲೇಬೇಡಿ. ಈ ಸಾಫ್ಟ್‌ವೇರ್‌ನಲ್ಲಿ ‘ಪರ್ಸೆಂಟ್ ಕಂಪ್ಲೀಟ್’ ಅಂದರೆ ಗೋಡೆಯ ಅಳತೆಯಲ್ಲ, ಕಳೆದ ದಿನದ ಲೆಕ್ಕ: ಆಗಿಹೋದ ಅವಧಿಯನ್ನು ಒಟ್ಟು ಅವಧಿಯಿಂದ ಭಾಗಿಸಿದ್ದು. ನೀವು 50 ಎಂದು ಹಾಕಿದರೆ 10 ದಿನ ಆಗಿದೆ, 10 ದಿನ ಉಳಿದಿದೆ ಎಂದು ಅದು ಓದಿಕೊಳ್ಳುತ್ತದೆ. ಎರಡೂ ಸುಳ್ಳು.

ನಿಮ್ಮ ವೇಗ ದಿನಕ್ಕೆ ಎರಡೂವರೆ ಮೀಟರ್. ಉಳಿದ 30 ಮೀಟರ್‌ಗೆ ಇನ್ನೂ 12 ದಿನ ಬೇಕು. ತುಂಬುವಾಗ ಕ್ರಮ ತಪ್ಪಬಾರದು. ಮೊದಲು ಆ್ಯಕ್ಚುಯಲ್ ಸ್ಟಾರ್ಟ್‌ನಲ್ಲಿ ಕೆಲಸ ನಿಜಕ್ಕೂ ಶುರುವಾದ ತಾರೀಕು. ಆಮೇಲೆ ಆ್ಯಕ್ಚುಯಲ್ ಡ್ಯುರೇಶನ್‌ನಲ್ಲಿ 12. ಆಗ ರಿಮೇನಿಂಗ್ ಡ್ಯುರೇಶನ್ (ಉಳಿದ ಅವಧಿ) ತಾನಾಗಿ 8 ತೋರಿಸುತ್ತದೆ. ಅದನ್ನು ಅಳಿಸಿ 12 ಮಾಡಿ. ಒಟ್ಟು ಅವಧಿ 24 ಆಗುತ್ತದೆ, ಪರ್ಸೆಂಟ್ 50ಕ್ಕೆ ಬಂದು ನಿಲ್ಲುತ್ತದೆ, ಗೋಡೆಯನ್ನು ನೆಚ್ಚಿಕೊಂಡ ಮುಂದಿನ ಕೆಲಸಗಳೂ ನಾಲ್ಕು ದಿನ ಮುಂದೆ ಸರಿಯುತ್ತವೆ.

ಒಂದು ಎಚ್ಚರಿಕೆ. ಆಳುಗಳನ್ನು ರಿಸೋರ್ಸ್ ಆಗಿ ಜೋಡಿಸಿ, ಟಾಸ್ಕ್ ಟೈಪ್ ‘ಫಿಕ್ಸ್ಡ್ ಯೂನಿಟ್ಸ್’ (ಆಳುಗಳ ಸಂಖ್ಯೆ ಬದಲಾಗದ ಬಗೆ) ಎಂದೇ ಬಿಟ್ಟಿದ್ದರೆ, ಅವಧಿ ಹಿಗ್ಗಿದಷ್ಟೂ ಕೂಲಿಯ ಗಂಟೆಗಳು, ಅದರ ಜೊತೆಗೆ ವೆಚ್ಚವೂ ಏರುತ್ತದೆ. ದಿನಗೂಲಿಗೆ ಇದು ಸರಿಯಾದ ಲೆಕ್ಕ. ಮೇಸ್ತ್ರಿಗೆ ಮೀಟರ್ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಿದ್ದರೆ ಆ ಮೊತ್ತವನ್ನು ಫಿಕ್ಸ್ಡ್ ಕಾಸ್ಟ್ ಕಾಲಮ್‌ಗೆ ಹಾಕಿ.

ಮೇಸ್ತ್ರಿಯ ಹತ್ತಿರವೂ ಹಾಗೇ, ಉಳಿದ ದಿನವನ್ನೇ ಕೇಳಿ. ‘ಎಷ್ಟಾಯ್ತು?’ ಅಂದರೆ ‘ಮುಕ್ಕಾಲು ಆಯ್ತು ಬಿಡಿ’ ಅಂತಾರೆ. ‘ಇನ್ನೆಷ್ಟು ದಿನ ಬೇಕು?’ ಅಂದಾಗ ಸ್ವಲ್ಪ ಯೋಚಿಸಿ ಹೇಳುತ್ತಾರೆ.

ಇಂಥದೇ ಲೆಕ್ಕವನ್ನು ಪ್ರೈಮಾವೆರಾ ಪಿ6ನಲ್ಲಿ ಹಾಕಿದರೆ 40 ಪರ್ಸೆಂಟ್ ಬರುತ್ತದೆ. ಎಂಎಸ್ ಪ್ರಾಜೆಕ್ಟ್ 50 ಅನ್ನುತ್ತದೆ. ಯಾವುದು ತಪ್ಪು?
– ಸಿವಿಲ್ ಎಂಜಿನಿಯರ್, ಶಿವಮೊಗ್ಗ

ಎರಡೂ ತಪ್ಪಲ್ಲ, ಭಾಗಿಸುವ ಸಂಖ್ಯೆ ಬೇರೆ. ಪಿ6ನ ಡ್ಯುರೇಶನ್ ಪರ್ಸೆಂಟ್ ಮೊದಲು ಯೋಜಿಸಿದ 20 ದಿನವನ್ನು ಬಿಡುವುದಿಲ್ಲ: 20ರಲ್ಲಿ ಉಳಿದ 12 ಕಳೆದರೆ 8, 20ಕ್ಕೆ 8 ಅಂದರೆ 40. ಎಂಎಸ್ ಪ್ರಾಜೆಕ್ಟ್ ಹಿಗ್ಗಿದ 24 ದಿನದಿಂದ ಭಾಗಿಸುತ್ತದೆ. ಪಿ6ನಲ್ಲಿ ಉಳಿದ ಅವಧಿ 20 ದಾಟಿತೋ, ಅರ್ಧ ಗೋಡೆ ನಿಂತಿದ್ದರೂ ಪರದೆಯ ಮೇಲೆ ಸೊನ್ನೆ! ಕಟ್ಟಿದ ಅಳತೆಯೇ ವರದಿಯಲ್ಲಿ ಬೇಕಿದ್ದರೆ ಪರ್ಸೆಂಟ್ ಕಂಪ್ಲೀಟ್ ಟೈಪ್ ಅನ್ನು ‘ಫಿಸಿಕಲ್’ ಮಾಡಿ, 50 ಎಂದು ಕೈಯಲ್ಲೇ ಬರೆಯಿರಿ. ಆಗ ಅದಕ್ಕೂ ರಿಮೇನಿಂಗ್ ಡ್ಯುರೇಶನ್‌ಗೂ ನಂಟು ಕಡಿಯುತ್ತದೆ. ಉಳಿದ ದಿನವನ್ನು ಪ್ರತಿ ವಾರ ಬೇರೆಯಾಗಿ ತುಂಬುವುದನ್ನು ಮರೆಯುವಂತಿಲ್ಲ. ಎರಡೂ ಫೈಲನ್ನು ಹೋಲಿಸುವಾಗ ಮುಗಿಯುವ ತಾರೀಕು ನೋಡಿ, ಪರ್ಸೆಂಟ್ ಅಲ್ಲ.

ಪ್ರತಿ ಶನಿವಾರ ಮುಗಿದ ಕೆಲಸಕ್ಕೆಲ್ಲ 100% ಬಟನ್ ಒತ್ತುತ್ತೇನೆ. ತಡವಾಗಿ ಮುಗಿದದ್ದೂ ಪ್ಲ್ಯಾನ್ ಪ್ರಕಾರವೇ ಮುಗಿದಂತೆ ಕಾಣುತ್ತದೆ. ಅರ್ಧಕ್ಕೆ ನಿಂತ ಕೆಲಸಗಳು ಹಳೇ ತಾರೀಕಿನಲ್ಲೇ ಕೂತಿವೆ.
– ಓದುಗರು, ತೀರ್ಥಹಳ್ಳಿ

ಆ ಬಟನ್‌ಗೆ ನಿಜವಾದ ತಾರೀಕು ಗೊತ್ತಿಲ್ಲ. ಷೆಡ್ಯೂಲ್‌ನಲ್ಲಿದ್ದ ತಾರೀಕುಗಳನ್ನೇ ಆ್ಯಕ್ಚುಯಲ್ ಎಂದು ಬರೆದುಬಿಡುತ್ತದೆ. ಮುಗಿದ ಕೆಲಸಕ್ಕೆ ಆ್ಯಕ್ಚುಯಲ್ ಸ್ಟಾರ್ಟ್, ಆ್ಯಕ್ಚುಯಲ್ ಫಿನಿಶ್ ಎರಡನ್ನೂ ಬರೆಯಿರಿ. 100 ತಾನೇ ಬರುತ್ತದೆ. ಹಲವು ಕೆಲಸಗಳಿಗೆ ತಲೆಬರಹವಾದ ಸಮ್ಮರಿ ಸಾಲಿನಲ್ಲಂತೂ ಪರ್ಸೆಂಟ್ ಬರೆಯಲೇಬೇಡಿ, ಅದು ಕೆಳಗಿನ ಎಲ್ಲ ಕೆಲಸಕ್ಕೂ ಹಂಚಿಹೋಗುತ್ತದೆ.

ಎರಡನೆಯದಕ್ಕೆ, ಪ್ರಾಜೆಕ್ಟ್ ಟ್ಯಾಬ್‌ನಲ್ಲಿ ಸ್ಟೇಟಸ್ ಡೇಟ್ (ಪ್ರಗತಿ ಎಣಿಸುವ ತಾರೀಕು) ಶನಿವಾರಕ್ಕೆ ಇಡಿ. ಎಲ್ಲ ಆ್ಯಕ್ಚುಯಲ್ ತುಂಬಿದ ಮೇಲೆ, ಅಲ್ಲೇ ಇರುವ ‘ಅಪ್‌ಡೇಟ್ ಪ್ರಾಜೆಕ್ಟ್’ ತೆರೆದು ‘ರೀಷೆಡ್ಯೂಲ್ ಅನ್‌ಕಂಪ್ಲೀಟೆಡ್ ವರ್ಕ್ ಟು ಸ್ಟಾರ್ಟ್ ಆಫ್ಟರ್’ ಆರಿಸಿ. ಕಳೆದುಹೋದ ದಿನದಲ್ಲಿ ಯಾರೂ ಕೆಲಸ ಮಾಡಲಾರರು, ಉಳಿದದ್ದೆಲ್ಲ ಆ ತಾರೀಕಿನಾಚೆ ಹೋಗಲೇಬೇಕು. ಅರ್ಧ ಆದ ಕೆಲಸ ಇಲ್ಲಿ ಎರಡು ತುಂಡಾಗುತ್ತದೆ. ಆಪ್ಷನ್ಸ್‌ನಲ್ಲಿ ‘ಸ್ಪ್ಲಿಟ್ ಇನ್-ಪ್ರೋಗ್ರೆಸ್ ಟಾಸ್ಕ್ಸ್’ ಆಫ್ ಆಗಿದ್ದರೆ ಅದು ಸರಿಯುವುದೇ ಇಲ್ಲ. ಶುರುವೇ ಆಗದ ಕೆಲಸಕ್ಕೆ ‘ಸ್ಟಾರ್ಟ್ ನೋ ಅರ್ಲಿಯರ್ ದ್ಯಾನ್’ ಎಂಬ ಕಟ್ಟು ಅಂಟಿಕೊಳ್ಳುತ್ತದೆ. ಮುಂದೆ ಹಿಂದಿನ ಕೆಲಸ ಬೇಗ ಮುಗಿದರೂ ಇದು ಹಿಂದೆ ಬರದಿದ್ದರೆ ಕಾರಣ ಆ ಕಟ್ಟೇ.

ಇದಕ್ಕೆಲ್ಲ ಮೊದಲು ಬೇಸ್‌ಲೈನ್, ಅಂದರೆ ಹೋಲಿಕೆಗೆ ಮೂಲ ಪ್ಲ್ಯಾನ್‌ನ ಪ್ರತಿ, ಉಳಿಸಿರಬೇಕು. ಆಮೇಲೆ ಅದರ ಮೇಲೆಯೇ ಮತ್ತೆ ಉಳಿಸಬೇಡಿ, ತಡವೆಲ್ಲ ಮಾಯವಾಗುತ್ತದೆ. ಒಟ್ಟು 11 ಬೇಸ್‌ಲೈನ್‌ಗೆ ಜಾಗವಿದೆ. ಪರಿಷ್ಕೃತ ಪ್ಲ್ಯಾನ್‌ಗೆ ಬೇಸ್‌ಲೈನ್ 1 ಬಳಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಾಜೆಕ್ಟ್ ಕ್ಯಾಲೆಂಡರ್‌ನಲ್ಲಿ ರಜೆ ಹಾಕಿದೆ. ವೈರಿಂಗ್, ಟೈಲ್ಸ್ ಎಲ್ಲ ಅಕ್ಟೋಬರ್‌ಗೆ ಹಾರಿದವು.
– ಓದುಗರು, ಹೊಸನಗರ

ಸೂರಿನಡಿಯ ಕೆಲಸಕ್ಕೆ ಮಳೆಯ ರಜೆ ಯಾಕೆ? ‘ಚೇಂಜ್ ವರ್ಕಿಂಗ್ ಟೈಮ್’ನಲ್ಲಿ ‘ಮಳೆಗಾಲ’ ಎಂಬ ಬೇರೆಯೇ ಕ್ಯಾಲೆಂಡರ್ ಮಾಡಿ, ಮಣ್ಣು ಅಗೆತ, ಅಡಿಪಾಯ, ಹೊರಗಿನ ಗಾರೆಗೆ ಮಾತ್ರ ಟಾಸ್ಕ್ ಇನ್ಫರ್ಮೇಶನ್‌ನ ಅಡ್ವಾನ್ಸ್ಡ್ ಪುಟದಲ್ಲಿ ಜೋಡಿಸಿ. ಅಲ್ಲೇ ‘ಷೆಡ್ಯೂಲಿಂಗ್ ಇಗ್ನೋರ್ಸ್ ರಿಸೋರ್ಸ್ ಕ್ಯಾಲೆಂಡರ್ಸ್’ ಟಿಕ್ ಮಾಡದಿದ್ದರೆ ಈ ಕ್ಯಾಲೆಂಡರ್, ಆಳುಗಳ ಕ್ಯಾಲೆಂಡರ್ ಎರಡಕ್ಕೂ ಸಮಾನವಾದ ಕೆಲಸದ ವೇಳೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಆಗುಂಬೆ ಕಡೆಯ ಸೈಟಾದರೆ ನಾಲ್ಕು ತಿಂಗಳೂ ರಜೆ ಇಟ್ಟರೆ ಯಾರೂ ಆಕ್ಷೇಪಿಸಲಾರರು. ಶಿಕಾರಿಪುರದ ಬಯಲಲ್ಲಿ ವಾರಕ್ಕೆ ಮೂರು ದಿನ ಕೆಲಸ ಎಂದಿಟ್ಟು ನೋಡಬಹುದು. ಹಾಗೆಯೇ ಸ್ಟ್ಯಾಂಡರ್ಡ್ ಕ್ಯಾಲೆಂಡರ್‌ನಲ್ಲಿ ಶನಿವಾರವೂ ರಜೆ ಎಂಬುದು ನೆನಪಿರಲಿ, ನಮ್ಮ ಸೈಟುಗಳಲ್ಲಿ ಹಾಗಿಲ್ಲ.

ಇನ್ನೊಂದು: ಅನಿರೀಕ್ಷಿತ ಮಳೆಗೆ ನಾಲ್ಕು ದಿನ ಹೋದರೆ ಕಳೆದ ವಾರಕ್ಕೆ ಹಿಂತಿರುಗಿ ರಜೆ ಗುರುತಿಸಬೇಡಿ. ಮುಗಿದ ಕೆಲಸಗಳ ಅವಧಿಯೂ ಕಲಕಿಹೋಗಬಹುದು. ನಿಂತ ಕೆಲಸದ ಉಳಿದ ದಿನ ಸರಿಪಡಿಸಿ, ಕಾರಣವನ್ನು ನೋಟ್ಸ್‌ನಲ್ಲಿ ಬರೆದಿಡಿ.

ಕಾಂಕ್ರೀಟ್ ಗಟ್ಟಿಯಾಗಲು ಬಿಡುವ ಕ್ಯೂರಿಂಗ್‌ಗೂ ಭಾನುವಾರ ರಜೆ ಬೀಳುತ್ತಿದೆ!
– ಓದುಗರು, ಭದ್ರಾವತಿ

ಕಾಂಕ್ರೀಟ್‌ಗೆ ವಾರದ ರಜೆ ಇಲ್ಲ. ಅವಧಿಯ ಸಂಖ್ಯೆಯ ನಂತರ ‘ಡಿ’ (d) ಬದಲು ‘ಇಡಿ’ (ed) ಎಂಬ ಎರಡು ಇಂಗ್ಲಿಷ್ ಅಕ್ಷರ ಹಾಕಿದರೆ ಎಂಎಸ್ ಪ್ರಾಜೆಕ್ಟ್ ಹಗಲು-ರಾತ್ರಿ, ರಜೆ ಎಲ್ಲ ಸೇರಿಸಿ ಎಣಿಸುತ್ತದೆ. ಉಳಿದ ದಿನ ಬದಲಿಸುವಾಗಲೂ ಅದೇ ಅಕ್ಷರ ಬೇಕು. ಪಿ6ನಲ್ಲಾದರೆ ಏಳು ದಿನವೂ 24 ಗಂಟೆಯ ಕ್ಯಾಲೆಂಡರ್ ಜೋಡಿಸಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐಎಸ್ 456ರ ಪ್ರಕಾರ, ಆಧಾರಗಳ ನಡುವಿನ ಅಂತರ ನಾಲ್ಕೂವರೆ ಮೀಟರ್‌ಗಿಂತ ಹೆಚ್ಚಿರುವ ಸ್ಲ್ಯಾಬ್‌ನ ಆಸರೆ ಕಂಬ 14 ದಿನ ಇರಬೇಕು. ಇಂಥ ಕೆಲಸದ ಉಳಿದ ದಿನವನ್ನು ಮಾತ್ರ ಯಾರ ಒತ್ತಾಯಕ್ಕೂ ಕಡಿಮೆ ಮಾಡಬೇಡಿ.

ಗೋಡೆಯೊಳಗಿನ ವೈರಿಂಗ್ ಪೈಪ್ ಮುಗಿಯುವ ಮೊದಲೇ ಗಾರೆ ಶುರುವಾಯಿತು. ಪಿ6ನಲ್ಲಿ ರಿಟೇನ್ಡ್ ಲಾಜಿಕ್ ಇಡಲೋ, ಪ್ರೋಗ್ರೆಸ್ ಓವರ್‌ರೈಡೋ?
– ಸೈಟ್ ಸೂಪರ್‌ವೈಸರ್, ಕೊಪ್ಪ

ರಿಟೇನ್ಡ್ ಲಾಜಿಕ್. ಅದು ಉಳಿದ ಗಾರೆಯನ್ನು ಪೈಪ್ ಮುಗಿಯುವವರೆಗೆ ತಡೆದಿಡುತ್ತದೆ. ಓವರ್‌ರೈಡ್ ಆ ನಂಟನ್ನೇ ಕೈಬಿಟ್ಟು ಗಾರೆಯನ್ನು ಮುಂದುವರಿಸುತ್ತದೆ. ತಾರೀಕು ಚೆಂದ ಕಾಣುತ್ತದೆ, ಗೋಡೆ ಮತ್ತೆ ಒಡೆಯಬೇಕಾಗುತ್ತದೆ. ಎಫ್9 ಒತ್ತಿ ಷೆಡ್ಯೂಲ್ ಮಾಡಿದ ಮೇಲೆ ಲಾಗ್ ತೆರೆದರೆ ಹೀಗೆ ಕ್ರಮ ತಪ್ಪಿ ಶುರುವಾದವುಗಳ ಪಟ್ಟಿ ಸಿಗುತ್ತದೆ. ಪೈಪ್ ಮುಗಿದ ಕೋಣೆಗಳಲ್ಲಿ ಮಾತ್ರ ಗಾರೆ ನಡೆದಿದ್ದರೆ ತಪ್ಪು ಕೆಲಸದವರದಲ್ಲ, ನಿಮ್ಮ ನಂಟಿನದು: ಎರಡೂ ಕೆಲಸವನ್ನು ಕೋಣೆಯ ಲೆಕ್ಕದಲ್ಲಿ ಒಡೆದು ಮತ್ತೆ ಜೋಡಿಸಿ.