ಚೋಕ್ ಬಿಟ್ಟೊಡನೆ ನಿಲ್ಲುವ ಪೆಟ್ರೋಲ್ ಜನರೇಟರ್: ದೋಷ ಎಲ್ಲಿದೆ?

ಅಂಗಡಿಯಲ್ಲಿ ತಿಂಗಳುಗಟ್ಟಲೆ ಬಳಸದೆ ಇಟ್ಟಿದ್ದ ಸಣ್ಣ ಪೆಟ್ರೋಲ್ ಜನರೇಟರ್ ಚೋಕ್ ಎಳೆದಿರುವಾಗ ಮಾತ್ರ ಓಡುತ್ತದೆ ಎಂದಿದ್ದೀರಿ. ಚೋಕ್ ಗಾಳಿಯನ್ನು ತಡೆದಾಗಲಷ್ಟೇ ಎಂಜಿನ್ ಓಡುತ್ತಿರುವುದರಿಂದ ಅದಕ್ಕೆ ಸಾಲದಿರುವುದು ಬಹುಮಟ್ಟಿಗೆ ಪೆಟ್ರೋಲ್. ಆದ್ದರಿಂದ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಬದಲಿಸಿ ಹಣ ಕಳೆಯುವ ಮೊದಲು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರನ್ನು ಪರೀಕ್ಷಿಸಿ.

ಬೆಂಗಳೂರಿನ ಬಂಕ್‌ಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 20ರಷ್ಟು ಎಥನಾಲ್ ಬೆರೆತಿದ್ದು, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಹಳೆಯ ಪೆಟ್ರೋಲಿನ ಅಂಟು ಜೆಟ್‌ನ, ಅಂದರೆ ಕಾರ್ಬ್ಯುರೇಟರ್‌ನೊಳಗೆ ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಸಣ್ಣ ಬಿಡಿಭಾಗದ, ಸೂಕ್ಷ್ಮ ರಂಧ್ರವನ್ನು ಮುಚ್ಚುತ್ತದೆ. ಎಂಜಿನ್ ತಣ್ಣಗಿರುವಾಗ, ಬೆಂಕಿಯಿಂದ ದೂರದಲ್ಲಿ, ಕಾರ್ಬ್ಯುರೇಟರ್‌ನ ಕೆಳಗಡೆ ಪೆಟ್ರೋಲ್ ನಿಲ್ಲುವ ಬಟ್ಟಲಾದ ಫ್ಲೋಟ್ ಬೌಲ್‌ನ ತಳದ ಸ್ಕ್ರೂ ಸಡಿಲಿಸಿ ಗಾಜಿನ ಬಾಟಲಿಗೆ ಪೆಟ್ರೋಲ್ ಇಳಿಸಿದರೆ, ಬೇರ್ಪಟ್ಟ ನೀರಿದ್ದಲ್ಲಿ ಅಡಿಯಲ್ಲಿ ಕಾಣುತ್ತದೆ. ಜೆಟ್ಟನ್ನು ಕಾರ್ಬ್ಯುರೇಟರ್ ಕ್ಲೀನರ್‌ನಿಂದಲೇ ತೊಳೆಯಿರಿ. ಮೆಕ್ಯಾನಿಕ್‌ಗಳು ತಂತಿ ತೂರಿಸುವುದುಂಟು, ಆದರೆ ರಂಧ್ರ ಹಿಗ್ಗಿದರೆ ಆ ಜೆಟ್ ಕೆಟ್ಟಂತೆಯೇ.

ಚೋಕ್ ಇಲ್ಲದೆಯೂ ಚೆನ್ನಾಗಿ ಓಡಿ ಕೆಲವು ನಿಮಿಷಗಳ ನಂತರ ನಿಂತರೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನೋಡಿ, ಅದರ ಗಾಳಿರಂಧ್ರ ಕಟ್ಟಿರಬಹುದು. ಆಯಿಲ್ ಕಡಿಮೆಯಿದ್ದರೂ, ಯಂತ್ರ ಓರೆಯಾಗಿದ್ದರೂ ಆಯಿಲ್ ಸೆನ್ಸರ್ ಇರುವ ಯಂತ್ರಗಳಲ್ಲಿ ಅದು ಸ್ಪಾರ್ಕನ್ನು ಕಡಿದು ಎಂಜಿನ್ ನಿಲ್ಲಿಸಿಬಿಡುತ್ತದೆ. ಪೂರ್ಣ ಲೋಡ್ ಎಳೆಯದಿರುವುದು ಮಾತ್ರ ದೋಷವಾಗಿರಲೇಬೇಕಿಲ್ಲ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಶಕ್ತಿ ಸುಮಾರು ಹತ್ತನೇ ಒಂದು ಭಾಗ ತಗ್ಗುತ್ತದೆ. ಪರೀಕ್ಷೆಗಾಗಿಯೂ ಇದನ್ನು ಅಂಗಡಿಯೊಳಗೆ ಓಡಿಸಬೇಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಒಳಗೆ ತುಂಬಿಕೊಂಡರೂ ತಿಳಿಯುವುದಿಲ್ಲ.