ಬಣ್ಣ ಕೊನೆಗಿರಲಿ: ಹಳೆಯ ಅವೆಂಜರ್‌ಗೆ ಮನೆಯ ಶೆಡ್ಡಿನಲ್ಲೇ ಮರುಜೀವ

ಬಜಾಜ್ ಕಂಪನಿ 2001ರಲ್ಲಿ ಕವಾಸಾಕಿ ಜೊತೆಗೂಡಿ ಎಲಿಮಿನೇಟರ್ ಬೈಕ್ ತಂದಾಗ, ಕಾಲು ಮುಂದೆ ಚಾಚಿ ಕೂತು ಓಡಿಸುವ ಗಾಡಿ ನಮ್ಮ ಬಹಳಷ್ಟು ಊರುಗಳಿಗೆ ಹೊಸದು. ಅದೇ ಮೈಕಟ್ಟಿಗೆ 2005ರಲ್ಲಿ ಅವೆಂಜರ್ ಎಂಬ ಹೆಸರು ಬಂತು. ಮೊದಲು 180 ಸಿಸಿ, 2007ರಲ್ಲಿ 200, 2010ರಲ್ಲಿ 220. ಆ ಕಾಲದ ಗಾಡಿಗಳು ಈಗ ಶೆಡ್ಡು, ಕೊಟ್ಟಿಗೆ, ಅಪಾರ್ಟ್‌ಮೆಂಟಿನ ಮೂಲೆಗಳಲ್ಲಿ ಧೂಳು ಹಿಡಿದು ನಿಂತಿವೆ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅವುಗಳದ್ದೇ.

ಪ್ರಶ್ನೆ: ಸರ್, ನಮ್ಮ ಚಿಕ್ಕಪ್ಪ 2011ರಲ್ಲಿ ಕೊಂಡ ಅವೆಂಜರ್ 220 ಆರು ವರ್ಷದಿಂದ ಕೊಟ್ಟಿಗೆಯಲ್ಲಿ ನಿಂತಿದೆ. ಚಿಕ್ಕಪ್ಪ ಈಗಿಲ್ಲ. "ನೀನೇ ಓಡಿಸಪ್ಪ" ಎಂದು ಚಿಕ್ಕಮ್ಮ ಕೊಟ್ಟಿದ್ದಾರೆ. ಪೂರ್ತಿ ಬಿಚ್ಚಿ, ಚಾಸಿಗೆ ಬಣ್ಣ ಹೊಡೆಸಿ ಹೊಸದರ ಹಾಗೆ ಮಾಡುವ ಆಸೆ. ಎಲ್ಲಿಂದ ಶುರು ಮಾಡಲಿ? (ಶಿವಮೊಗ್ಗ)

ಬಿಚ್ಚಬೇಡಿ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಬಹಳ ಗಾಡಿಗಳು ಇಲ್ಲೇ ಸತ್ತುಹೋಗುತ್ತವೆ. ನಾನು ಮೊದಲು ಕೈಹಾಕಿದ ಗಾಡಿಯನ್ನು ಎರಡೇ ದಿನದಲ್ಲಿ ಕೊನೆಯ ಬೋಲ್ಟಿನವರೆಗೂ ಬಿಚ್ಚಿದ್ದೆ. ಚಾಸಿಗೆ ಬಣ್ಣವೂ ಆಯಿತು. ಜೋಡಿಸಿ ಸ್ಟಾರ್ಟ್ ಮಾಡಿದರೆ ಎಂಜಿನ್ ಒಳಗೊಂದು ಬಡಿತ. ಅದು ಮೊದಲಿಂದ ಇತ್ತೋ, ನಾನು ಜೋಡಿಸುವಾಗ ತಂದುಕೊಂಡೆನೋ ಗೊತ್ತಾಗಲಿಲ್ಲ, ಬಿಚ್ಚುವ ಮುಂಚೆ ಓಡಿಸಿ ನೋಡಿರಲಿಲ್ಲವಲ್ಲ! ಮತ್ತೆ ಇಳಿಸುವಾಗ ಹೊಸ ಬಣ್ಣದ ಮೇಲೆಲ್ಲ ಗೀರು ಬಿತ್ತು. ಇದ್ದ ಸ್ಥಿತಿಯಲ್ಲೇ ಗಾಡಿ ಓಡಬೇಕು, ನಿಲ್ಲಬೇಕು; ಬಿಚ್ಚುವ ಮಾತು ಆಮೇಲೆ, ಬಣ್ಣ ಎಲ್ಲಕ್ಕಿಂತ ಕೊನೆಗೆ.

ಅದಕ್ಕೂ ಮೊದಲು ಕಾಗದ. ಆರ್‌ಸಿ ತೀರಿಹೋದವರ ಹೆಸರಿನಲ್ಲಿದ್ದರೆ ಮಾರಾಟಕ್ಕೆ ಬಳಸುವ ನಮೂನೆ 29, 30 ನಡೆಯುವುದಿಲ್ಲ, ನಮೂನೆ 31 ಬೇಕು. ಅದು ವಾರಸುದಾರರ ಹೆಸರಿಗೆ ಆಗುವಂಥದ್ದು, ಆದ್ದರಿಂದ ಮೊದಲು ಚಿಕ್ಕಮ್ಮನ ಹೆಸರಿಗೆ ಮಾಡಿಸಿ. ಗಾಡಿ ಸಾಲದಲ್ಲಿ ಕೊಂಡಿದ್ದಾದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇರಬಹುದು, ಅದನ್ನು ತೆಗೆಸಲು ನಮೂನೆ 35. 2011ರ ನೋಂದಣಿಗೆ 2026ರಲ್ಲಿ 15 ವರ್ಷ ತುಂಬುತ್ತದೆ. ನಮೂನೆ 25 ಕೊಟ್ಟು, ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ಐದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು, ನಮ್ಮ ಬಾಯಲ್ಲಿ "ಎಫ್‌ಸಿ" ಅನ್ನುವುದು ಇದನ್ನೇ. ಚಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ಹಳೆ ಬಟ್ಟೆಯಲ್ಲಿ ಒರೆಸಿ ಆರ್‌ಸಿ ಜೊತೆ ಇವತ್ತೇ ತಾಳೆ ನೋಡಿ. ಒಂದು ಅಂಕಿ ಹೊಂದದಿದ್ದರೂ ಒಂದು ರೂಪಾಯಿ ಖರ್ಚು ಮಾಡುವ ಮುಂಚೆ ಆರ್‌ಟಿಒಗೆ ಹೋಗಿ ವಿಚಾರಿಸಿ.

ಇನ್ನು ಎಂಜಿನ್. ಹೊಸ ಬ್ಯಾಟರಿ ಕೂರಿಸಿ ಸೆಲ್ಫ್ ಒತ್ತುವ ಆತುರ ಬೇಡ. ಆರು ವರ್ಷ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗು ತುಕ್ಕು ಹಿಡಿದು ಬೋರಿಗೆ (ಪಿಸ್ಟನ್ ಓಡಾಡುವ ಕೊಳವೆಗೆ) ಅಂಟಿಕೊಂಡಿರಬಹುದು, ಸೆಲ್ಫ್ ಮೋಟರ್ ಎಳೆದರೆ ಆ ತುಕ್ಕು ಬೋರನ್ನು ಗೀಚುತ್ತದೆ. ಈ ಎಂಜಿನ್‌ಗೆ ಎರಡು ಪ್ಲಗ್. ಪ್ಲಗ್ಗಿನ ಸುತ್ತ ಕೂತ ಮಣ್ಣನ್ನು ಸೈಕಲ್ ಪಂಪಿನಿಂದ ಊದಿ ತೆಗೆದು, ಆಮೇಲೆ ಎರಡನ್ನೂ ಬಿಚ್ಚಿ. ಎರಡು ಮೂರು ಚಮಚ ಎಂಜಿನ್ ಆಯಿಲ್ ಒಳಗೆ ಬಿಟ್ಟು ಎರಡು ರಾತ್ರಿ ಹಾಗೇ ಇರಲಿ. ಹಿಂದಿನ ಚಕ್ರ ನೆಲ ಬಿಡುವಂತೆ ಎತ್ತಿ ನಿಲ್ಲಿಸಿ, ಐದನೇ ಗೇರಿಗೆ ಹಾಕಿ, ಚಕ್ರವನ್ನು ಕೈಯಿಂದ ಮುಂದಕ್ಕೆ ಮೆಲ್ಲನೆ ತಿರುಗಿಸಿ. ಪ್ಲಗ್ ತೂತಿನಿಂದ "ಪುಸ್" ಎಂದು ಗಾಳಿ, ಎಣ್ಣೆ ಎರಚುತ್ತದೆ. ಅಲ್ಲಿ ಬಟ್ಟೆ ಹಿಡಿದಿರಿ, ಮುಖ ಬಗ್ಗಿಸಬೇಡಿ. ಆ ಸದ್ದು ಕೇಳಿದರೆ ಅರ್ಧ ಗೆದ್ದಂತೆ. ತಿರುಗದಿದ್ದರೆ ಜೋರು ಮಾಡದೆ ಮತ್ತೆ ಎಣ್ಣೆ ಬಿಟ್ಟು ಒಂದು ವಾರ ಕಾಯಿರಿ. ಆಗಲೂ ಅಲುಗದಿದ್ದರೆ ಹೆಡ್ಡು, ಬೋರು ಇಳಿಸಲೇಬೇಕು, ಆ ಕೆಲಸಕ್ಕೆ ಅನುಭವಸ್ಥರನ್ನು ಜೊತೆಗಿಟ್ಟುಕೊಳ್ಳಿ.

ತಿರುಗಿತು ಎಂದುಕೊಳ್ಳೋಣ. ಹಳೆ ಆಯಿಲ್ ಇಳಿಸಿ ನೋಡಿ. ಹಾಲು ಬೆರೆಸಿದ ಕಾಫಿ ಬಣ್ಣ ಇದ್ದರೆ ಒಳಗೆ ನೀರು ಸೇರಿದೆ. ಫಿಲ್ಟರ್ ಬದಲಿಸಿ ಹೊಸ ಆಯಿಲ್ ಹಾಕುವಾಗ ಡಬ್ಬದ ಮೇಲೆ "ಜಾಸೊ ಎಂಎ" ಎಂದಿರಬೇಕು. ಕಾರಿನ ಆಯಿಲ್ ಬೇಡ, ಬೈಕಿನ ಕ್ಲಚ್ ಪ್ಲೇಟು ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ, ಜಾರಲು ಶುರುವಾಗುತ್ತದೆ.

ಕಾರ್ಬರೇಟರ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ನಿಂತ ಪೆಟ್ರೋಲ್ ಒಣಗಿ ಅಂಟಾಗುತ್ತದೆ. ಅದರಲ್ಲಿ ಎಥೆನಾಲ್ ಬೇರೆ ಇರುವುದರಿಂದ ನೀರನ್ನೂ ಎಳೆದುಕೊಂಡಿರುತ್ತದೆ. ಮೊದಲು ಕಟ್ಟಿಕೊಳ್ಳುವುದು ಪೈಲಟ್ ಜೆಟ್, ಅಂದರೆ ಐಡ್ಲಿಂಗ್ ಹೊತ್ತಿಗೆ ಪೆಟ್ರೋಲ್ ಬಿಡುವ ತೂತು. ಹಿತ್ತಾಳೆಯ ಆ ತೂತು ಕೂದಲೆಳೆಯಷ್ಟು ಸಣ್ಣದು. ಸೂಜಿ, ತಂತಿ ಚುಚ್ಚಿದರೆ ತೂತು ದೊಡ್ಡದಾಗಿ ಐಡ್ಲಿಂಗ್ ಮತ್ತೆಂದೂ ಸರಿಬರುವುದಿಲ್ಲ. ಕಾರ್ಬ್ ಕ್ಲೀನರ್ ಹೊಡೆದು ಗಾಳಿ ಊದಿ, ಬೆಳಕಿಗೆ ಹಿಡಿದಾಗ ದುಂಡನೆಯ ಚುಕ್ಕಿ ಕಾಣಬೇಕು. ಮೇಲಿನ ಮುಚ್ಚಳದ ಕೆಳಗೆ ತೆಳುವಾದ ಕಪ್ಪು ರಬ್ಬರ್ ಡಯಾಫ್ರಂ ಇದೆ. ಅದಕ್ಕೆ ಮಾತ್ರ ಕ್ಲೀನರ್ ತಾಗಿಸಬೇಡಿ, ಉಬ್ಬಿಹೋಗುತ್ತದೆ. ಕತ್ತಲೆ ಕೋಣೆಯಲ್ಲಿ ಅದನ್ನು ಮೊಬೈಲ್ ಟಾರ್ಚಿನ ಮುಂದೆ ಹರಡಿ, ಮಡಿಕೆಗಳನ್ನು ಬೆರಳಿನಿಂದ ಬಿಡಿಸುತ್ತಾ ನೋಡಿ. ನಕ್ಷತ್ರದಂತೆ ಒಂದೇ ಒಂದು ಬೆಳಕಿನ ಚುಕ್ಕೆ ಕಂಡರೂ ಅದನ್ನು ಬದಲಿಸಬೇಕು. ಆಕ್ಸಿಲರೇಟರ್ ಕೊಟ್ಟರೂ ಗಾಡಿ ಎಳೆಯುವುದಿಲ್ಲ ಎಂದು ಬೋರ್‌ವರೆಗೂ ಬಿಚ್ಚಿಸಿಕೊಂಡು ಬಂದ ಗಾಡಿಯೊಂದರಲ್ಲಿ ನನಗೆ ಕೊನೆಗೆ ಸಿಕ್ಕಿದ್ದು ಅಂಥದೇ ಒಂದು ಚುಕ್ಕೆ.

ಮೊದಲ ಸ್ಟಾರ್ಟಿಗೆ ಹಳೆ ಟ್ಯಾಂಕಿನ ಪೆಟ್ರೋಲ್ ಬೇಡ. ಪೆಟ್ರೋಲ್ ತಡೆಯುವ ಸಣ್ಣ ಬಾಟಲಿಯನ್ನು ಆಸ್ಪತ್ರೆಯ ಡ್ರಿಪ್ ಹಾಗೆ ಎತ್ತರಕ್ಕೆ ತೂಗುಹಾಕಿ, ಪೈಪಿನಲ್ಲಿ ಕಾರ್ಬರೇಟರ್‌ಗೆ ಕೊಡಿ. ಇದನ್ನು ಬಯಲಲ್ಲೇ ಮಾಡಿ, ಕೈಗೆ ಸಿಗುವ ಹಾಗೆ ಮರಳಿನ ಬಕೆಟ್ ಇರಲಿ. ಎಂಜಿನ್ ಹತ್ತಿ ನಿಂತರೆ ಬ್ರೇಕ್, ಟೈರ್, ವಿಮೆ ಸರಿಮಾಡಿಸಿ ಒಂದು ತಿಂಗಳು ಊರಲ್ಲೇ ಓಡಿಸಿ. ಕೇಳಿದ ಪ್ರತಿ ಶಬ್ದ, ಕಂಡ ಪ್ರತಿ ಸೋರಿಕೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಬಿಚ್ಚುವ ದಿನ ಬಂದಾಗ ಏನು ಬಿಚ್ಚಬೇಕು ಎಂದು ಆ ನೋಟ್‌ಬುಕ್ಕೇ ಹೇಳುತ್ತದೆ. (ಬಿಚ್ಚಿದ ಬೋಲ್ಟುಗಳಿಗೆ ನಮ್ಮನೆಯ ಹಳೆ ಇಡ್ಲಿ ತಟ್ಟೆಗಿಂತ ಒಳ್ಳೆಯ ಪಾತ್ರೆ ನನಗೆ ಸಿಕ್ಕಿಲ್ಲ. ಒಂದೊಂದು ಗುಳಿಗೆ ಒಂದೊಂದು ಭಾಗದ್ದು.)

ಪ್ರಶ್ನೆ: ಅಂಗಡಿಯೊಂದರಿಂದ ತಂದ ಸೆಕೆಂಡ್ ಹ್ಯಾಂಡ್ ಅವೆಂಜರ್. ಟ್ಯಾಂಕಿನ ಒಳಗೆ ತುಕ್ಕು, ಕ್ರೋಮ್ ಮೇಲೆಲ್ಲ ಕಂದು ಚುಕ್ಕೆ. ಹೊಸ ಟ್ಯಾಂಕೇ ಹಾಕಬೇಕೆ? (ಮಂಗಳೂರು)

ಕಡಲ ಗಾಳಿಯ ಉಪ್ಪು ಕ್ರೋಮನ್ನು ಬಿಡುವುದಿಲ್ಲ, ನಿಮ್ಮೂರಿನ ಗಾಡಿಗಳಲ್ಲಿ ಇದು ಇದ್ದದ್ದೇ. ಟ್ಯಾಂಕ್ ತೂತಾಗಿಲ್ಲವಾದರೆ ಉಳಿಸಿಕೊಳ್ಳಬಹುದು.

ಪೆಟ್ರೋಲ್ ಪೂರ್ತಿ ಖಾಲಿ ಮಾಡಿ, ಗೇಜಿನ ಫ್ಲೋಟ್, ಪೆಟ್ರೋಲ್ ಕಾಕ್ ಬಿಚ್ಚಿ, ಸೋಪಿನ ನೀರಿನಲ್ಲಿ ಎರಡು ಸಲ ತೊಳೆಯಿರಿ. ಕಾಕ್ ಇದ್ದ ತೂತನ್ನು ರಬ್ಬರ್ ಇಟ್ಟು ಮುಚ್ಚಿ. ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಸಿಟ್ರಿಕ್ ಆಸಿಡ್ ಲೀಟರ್ ಬಿಸಿನೀರಿಗೆ ಸುಮಾರು 60 ಗ್ರಾಂ ಲೆಕ್ಕದಲ್ಲಿ ಕರಗಿಸಿ, ಟ್ಯಾಂಕ್ ಕಂಠಮಟ್ಟ ತುಂಬಿ ಒಂದು ಹಗಲು ಒಂದು ರಾತ್ರಿ ಬಿಡಿ. ಚೆಲ್ಲಿದಾಗ ಹಸಿರು ಮಿಶ್ರಿತ ಕಂದು ನೀರು ಬರುತ್ತದೆ, ಒಳಗೆ ಮಂಕಾದ ಬೂದು ಲೋಹ ಕಾಣುತ್ತದೆ. ತಕ್ಷಣ ಅಡುಗೆ ಸೋಡಾ ನೀರು, ಆಮೇಲೆ ಬರೀ ನೀರು. ಇಲ್ಲಿ ತಡಮಾಡಬೇಡಿ. ಹಸಿ ಕಬ್ಬಿಣಕ್ಕೆ ಗಾಳಿ ತಾಗಿದರೆ ಕಣ್ಣೆದುರೇ ಕಿತ್ತಳೆ ಬಣ್ಣ ಏಳುತ್ತದೆ. ನೀರು ಬಸಿದು, ಬಿಸಿಲು ಇಲ್ಲವೇ ಬಿಸಿಗಾಳಿಯಲ್ಲಿ ಒಣಗಿಸಿ, ಒಂದಿಷ್ಟು ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ಉರುಳಾಡಿಸಿ. ಪೆಟ್ರೋಲ್ ವಾಸನೆ ಉಳಿದ ಟ್ಯಾಂಕಿಗೆ ಮಾತ್ರ ಹೇರ್ ಡ್ರೈಯರ್ ಹಿಡಿಯಬೇಡಿ. ಇಂಥ ಟ್ಯಾಂಕನ್ನು ವೆಲ್ಡಿಂಗ್‌ಗೆ ಕೊಡುವುದಂತೂ ಬೇಡವೇ ಬೇಡ, ಒಳಗಿನ ಆವಿಗೆ ಒಂದು ಕಿಡಿ ಸಾಕು. ಪೇಂಟಿಂಗ್ ಏನಿದ್ದರೂ ಇದೆಲ್ಲ ಮುಗಿದ ಮೇಲೆ, ಸೋರಿದ ಆಸಿಡ್ ಹೊಸ ಬಣ್ಣದ ಮೇಲೆ ಗೆರೆ ಎಳೆಯುತ್ತದೆ.

ಕ್ರೋಮ್ ಮೇಲಿನ ಚುಕ್ಕೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ನೀರಿನಲ್ಲಿ ಅದ್ದಿ ಹಗುರವಾಗಿ ಉಜ್ಜಿ, ಆಮೇಲೆ ವ್ಯಾಕ್ಸ್ ಹಚ್ಚಿ. ಉಗುರಿಗೆ ಗುಳಿ ಸಿಕ್ಕಿದರೆ ಮರು ಪ್ಲೇಟಿಂಗ್ ಒಂದೇ ದಾರಿ. ಅದಕ್ಕೆ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಘಟಕಗಳಿವೆ. ಮನೆಯಲ್ಲಿ ಪ್ರಯತ್ನಿಸಬೇಡಿ, ಆ ದ್ರಾವಣದ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಮುಂದಿನ ಫೋರ್ಕ್ ಪೈಪಿನಲ್ಲಿ ಸೀಲ್ ಓಡಾಡುವ ಜಾಗದಲ್ಲಿ ಗುಳಿ ಇದ್ದರೆ ಹೊಸ ಸೀಲು ಎಷ್ಟು ಹಾಕಿದರೂ ಎಣ್ಣೆ ಸೋರುತ್ತದೆ. ಆ ಜಾಗಕ್ಕೆ ಬೇಕಾದದ್ದು ಹೊಳಪಿನ ಕ್ರೋಮ್ ಅಲ್ಲ, ಸವೆತ ತಡೆಯುವ ದಪ್ಪ ಲೇಪದ ಹಾರ್ಡ್ ಕ್ರೋಮ್, ಇಲ್ಲವೇ ಹೊಸ ಪೈಪು.

ಪ್ರಶ್ನೆ: ಹೊಸ ಬ್ಯಾಟರಿ ಹಾಕಿಸೇನ್ರಿ. ಎರಡು ವಾರದಾಗ ಸೆಲ್ಫ್ ಒತ್ತಿದ್ರ ಬರೇ ಟಕ್ ಟಕ್ ಅಂತೈತಿ. ಕಿಕ್ಕರ್ ಇಲ್ಲ, ಏನ್ ಮಾಡ್ಲಿ? (ಹುಬ್ಬಳ್ಳಿ)

ಮೊದಲು ಒಂದು ಮಲ್ಟಿಮೀಟರ್ ಕೊಳ್ಳಿ. ಬ್ಯಾಟರಿ ಬದಲಿಸಿದ್ದು ಸರಿ, ಆದರೆ ಅದಕ್ಕೆ ಚಾರ್ಜ್ ಬರುತ್ತಿದೆಯೇ ಎಂದು ಯಾರೂ ನೋಡಿದಂತಿಲ್ಲ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ಗಾಡಿ ನಿಂತಾಗ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ ಸ್ವಲ್ಪ ರೇಸ್ ಕೊಟ್ಟರೆ 13.8ರಿಂದ 14.5ರ ನಡುವೆ ಬರಬೇಕು. ಏರದಿದ್ದರೆ ಕೆಟ್ಟಿರುವುದು ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್, ಇಲ್ಲವೇ ಎಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್. 15 ದಾಟಿದರೂ ರೆಗ್ಯುಲೇಟರೇ, ಅದು ಬ್ಯಾಟರಿಯನ್ನು ಬೇಯಿಸುತ್ತದೆ.

ಚಾರ್ಜಿಂಗ್ ಸರಿಯಿದ್ದೂ ಟಕ್ ಟಕ್ ಅಂದರೆ ಅರ್ಥ್ ವೈರ್ ನೋಡಿ. ಚಾಸಿಗೆ ಅದು ಸೇರುವ ಬೋಲ್ಟ್ ಬಿಚ್ಚಿ, ಎರಡೂ ಕಡೆ ಉಜ್ಜಿ ಹೊಳೆಯುವಂತೆ ಮಾಡಿ ಬಿಗಿಗೊಳಿಸಿ. ಚಾಸಿಗೆ ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗಳಲ್ಲಿ ಬಹಳ ಸಲ ಕಾಣುವ ತೊಂದರೆ ಇದು: ಬಣ್ಣದ ಮೇಲೇ ವೈರ್ ಕೂರಿಸಿರುತ್ತಾರೆ. ಸೀಟ್ ಎತ್ತಿ ಇಲಿ ಕಡಿದಿದೆಯೇ ಎಂದೂ ನೋಡಿ. ಕಡಿದ ಜಾಗವನ್ನು ಬೆಸೆದು ಹೀಟ್ ಸ್ಲೀವ್ ಹಾಕಿ. ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೆ ಸರಿ.

ಪ್ರಶ್ನೆ: ಹಿಂದಿನ ಚಾಸಿ ಕತ್ತರಿಸಿ, ಉದ್ದ ಹ್ಯಾಂಡಲ್, ಸದ್ದಿನ ಸೈಲೆನ್ಸರ್ ಹಾಕಿ ಬಾಬರ್ (ಹಿಂಭಾಗ ಮೊಟಕು ಮಾಡಿದ ಬೈಕ್) ಮಾಡಬೇಕೆಂದಿದ್ದೇನೆ. ಚಾಸಿಯನ್ನು ಸ್ಯಾಂಡ್ ಬ್ಲಾಸ್ಟ್ ಮಾಡಿಸಿ ಪೌಡರ್ ಕೋಟಿಂಗ್ ಮಾಡಿಸಲೇ? (ಬೆಂಗಳೂರು)

ಕತ್ತರಿಸಬೇಡಿ. ಮೋಟಾರು ವಾಹನ ಕಾಯ್ದೆಯ ಕಲಂ 52 ಇದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿದೆ. ಕಾನೂನು ಒಂದು ಕಡೆ ಇರಲಿ, ಹಿಂದೆ ಕೂತವರ ಭಾರ ಹೊರುವ ಜಾಗಕ್ಕೆ ಶೆಡ್ಡಿನ ವೆಲ್ಡಿಂಗ್ ನಂಬಿ ನಾನಂತೂ ಯಾರನ್ನೂ ಕೂರಿಸಲಾರೆ.

ಪೌಡರ್ ಕೋಟಿಂಗ್ ಮಾಡಿಸಿ, ಆದರೆ ಕೊಡುವ ಮುಂಚೆ ಚಾಸಿ ನಂಬರಿನ ಮೇಲೆ ದಪ್ಪ ಶಾಖ ನಿರೋಧಕ ಟೇಪ್ ಅಂಟಿಸಿ, ಬ್ಲಾಸ್ಟ್ ಮಾಡುವವರಿಗೆ ಬೆರಳಿಟ್ಟು ತೋರಿಸಿ. ಮರಳು ಅಕ್ಷರಗಳನ್ನು ಸವೆಸುತ್ತದೆ, ಪೌಡರ್ ಗುಳಿ ತುಂಬುತ್ತದೆ. ನಂಬರ್ ಓದಲಾಗದ ಗಾಡಿ ಎಫ್‌ಸಿಗೆ ಹೋದಾಗ ಏನಾಗುತ್ತದೆಂದು ಊಹಿಸಿಕೊಳ್ಳಿ. ಭಟ್ಟಿಯಲ್ಲಿ ಸುಮಾರು 200 ಡಿಗ್ರಿ ಕಾವಿರುವುದರಿಂದ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಬುಷ್, ರಬ್ಬರ್ ಎಲ್ಲ ಮೊದಲೇ ತೆಗೆದಿರಬೇಕು. ಬಣ್ಣ ಬೇರೆಯಾದರೆ ಆರ್‌ಸಿಯಲ್ಲೂ ಬದಲಾಗಬೇಕು.

ಪ್ರಶ್ನೆ: ಟೈರಿನ ಗುಂಡಿ ಎಲ್ಲ ಹಾಗೇ ಇದೆ, ಬಹಳ ಓಡಿಲ್ಲ. ಇಟ್ಟುಕೊಳ್ಳಬಹುದೇ? (ಕಲಬುರಗಿ)

ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುವ ಸಾಲು ಹುಡುಕಿ. 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ನಿಮ್ಮೂರಿನ ಬಿಸಿಲಿಗೆ ನಿಂತ ಟೈರು ಓಡದೆಯೂ ಗಟ್ಟಿಯಾಗುತ್ತದೆ. ಪಕ್ಕವನ್ನು ಹೆಬ್ಬೆರಳಿನಿಂದ ಒತ್ತಿ ಬಗ್ಗಿಸಿದಾಗ ಸಣ್ಣ ಸೀಳು ಬಾಯಿಬಿಟ್ಟರೆ, ಗುಂಡಿ ಎಷ್ಟೇ ಇರಲಿ, ತೆಗೆದುಬಿಡಿ. ಮಳೆಯ ರಸ್ತೆಯಲ್ಲಿ ಅದು ಹಿಡಿಯುವುದಿಲ್ಲ. 220ರ ಹಿಂದಿನ ಅಳತೆ 130/90-15, ಮುಂದಿನದು 90/90-17. ಟ್ಯೂಬನ್ನೂ ಹೊಸದೇ ಹಾಕಿಸಿ. ಟೈರ್ ಇಳಿಸಿದಾಗಲೇ ಸ್ಪೋಕುಗಳನ್ನು ಸಣ್ಣ ಪಾನಾದಿಂದ ಒಂದೊಂದಾಗಿ ತಟ್ಟಿ ಕೇಳಿ. ಬಿಗಿಯಾದದ್ದು "ಟಿಂಗ್" ಅನ್ನುತ್ತದೆ, ಸಡಿಲವಾದದ್ದು "ಟಪ್" ಅನ್ನುತ್ತದೆ. ಟಪ್ ಅನ್ನುವವು ಮೂರು ನಾಲ್ಕು ಸಿಕ್ಕಿದರೆ ರಿಮ್ಮನ್ನು ಔಟ್ ತೆಗೆಯುವವರ (ಚಕ್ರದ ಓಲಾಟ ಸರಿಮಾಡುವವರ) ಬಳಿ ಕೊಟ್ಟು, ಆಮೇಲೆ ಹೊಸ ಟೈರ್ ಏರಿಸಿ.