ಗಾಳಿ ಅಳೆದಿದ್ದೀರಾ?

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ 80 ಮನೆಗಳಿವೆ. ಎಲ್ಲರೂ ಷೇರು ಹಾಕಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡಿ, 225 ಕಿಲೋವಾಟಿನ ಸೆಕೆಂಡ್ ಹ್ಯಾಂಡ್ ಗಾಳಿಯಂತ್ರ ಹಾಕಿಸಿ ಕರೆಂಟ್ ಮಾರುವ ಮಾತು ನಡೆದಿದೆ. ಹಾಕಿದ ದುಡ್ಡು ಆರು ವರ್ಷದಲ್ಲಿ ವಾಪಸ್ ಬರುತ್ತದೆ ಅಂತ ಮಾರುವವರು ಹೇಳುತ್ತಾರೆ. ನಂಬಬಹುದೇ?

ಉತ್ತರ: ಆ ಲೆಕ್ಕಕ್ಕೆ ಗಾಳಿಯ ವೇಗ ಎಷ್ಟು ಹಿಡಿದಿದ್ದಾರೆ, ಎಲ್ಲಿ ಅಳೆದದ್ದು ಅಂತ ಮೊದಲು ಕೇಳಿ. ಇಂಥದ್ದೇ ಒಂದು ಸಂಘದ ಲೆಕ್ಕಪತ್ರವನ್ನು ನಾನು ಹನ್ನೊಂದು ವರ್ಷ ಬರೆದಿದ್ದೇನೆ. ನಾವು ಎಡವಿದ್ದು ಅಲ್ಲೇ.

ಗಾಳಿಯಲ್ಲಿರುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 6ರ ಘನ 216, 5ರ ಘನ 125. ಸೆಕೆಂಡಿಗೆ 6 ಮೀಟರ್ ಅಂದುಕೊಂಡ ಕಡೆ 5 ಮೀಟರ್ ಬೀಸಿದರೆ ಶಕ್ತಿಯಲ್ಲಿ ನೂರಕ್ಕೆ 42 ಪಾಲು ಇಳಿಯಿತು. ಬ್ಯಾಂಕಿನ ಕಂತು ಮಾತ್ರ ಒಂದು ಪೈಸೆ ಇಳಿಯುವುದಿಲ್ಲ! ನಿಮ್ಮ ಯಂತ್ರ ವರ್ಷದ 8,760 ಗಂಟೆಯೂ ಪೂರ್ತಿ ಜೋರಿನಲ್ಲಿ ತಿರುಗಿದರೆ 19.7 ಲಕ್ಷ ಯೂನಿಟ್ ಆಗುತ್ತದೆ. ಹಾಗೆ ಯಾವ ಯಂತ್ರವೂ ತಿರುಗುವುದಿಲ್ಲ. ಅದರ ಕಾಲು ಭಾಗ, ಅಂದರೆ 4.9 ಲಕ್ಷ ಸಿಕ್ಕರೆ ಜಾಗ ಪರವಾಗಿಲ್ಲ ಅನ್ನಬಹುದು. ಆದ್ದರಿಂದ ಯಂತ್ರ ನಿಲ್ಲುವ ಜಾಗದಲ್ಲೇ, ಅದರ ಎತ್ತರಕ್ಕೆ ಹತ್ತಿರವಾಗಿ ಕಂಬ ನೆಟ್ಟು, ಒಂದು ವರ್ಷ ಪೂರ್ತಿ ಅಳೆಯಿರಿ. 'ನಮ್ಮ ಗುಡ್ಡದಲ್ಲಿ ಟೋಪಿ ನಿಲ್ಲಲ್ಲ' ಅನ್ನುವುದು ಅಳತೆಯಲ್ಲ. ನಾವು ಅಷ್ಟನ್ನೇ ನಂಬಿದ್ದೆವು.

ಇನ್ನೊಂದು ಪೆಟ್ಟು ಬಿದ್ದದ್ದು ಎಂಟನೇ ವರ್ಷ. ಗೇರ್‌ಬಾಕ್ಸ್ ಹೋಯಿತು. ಅದರ ಬೆಲೆಗಿಂತ ನನ್ನ ನಿದ್ದೆ ಕೆಡಿಸಿದ್ದು ಅದನ್ನು ಮೇಲಿಂದ ಇಳಿಸಿ ಏರಿಸುವ ಕ್ರೇನ್. ಒಂದು ಯಂತ್ರವಿರಲಿ, ಹತ್ತಿರಲಿ, ಅಷ್ಟು ದೊಡ್ಡ ಕ್ರೇನ್ ಬಂದು ಹೋಗುವ ಖರ್ಚು ಹೆಚ್ಚುಕಡಿಮೆ ಒಂದೇ. ಹತ್ತು ಯಂತ್ರ ಇದ್ದವರು ಅದನ್ನು ಹಂಚಿಕೊಳ್ಳುತ್ತಾರೆ, ನಮ್ಮದು ಒಂಟಿ. ರಿಪೇರಿಗೆ ಅಂತ ದುಡ್ಡು ಎತ್ತಿಟ್ಟಿರಲಿಲ್ಲ. ಲಾಭ ಬಂದ ವರ್ಷವೆಲ್ಲ ಹಂಚಿ ತಿಂದಿದ್ದೆವು. ಐದು ತಿಂಗಳು ರೆಕ್ಕೆ ಅಲ್ಲಾಡಲಿಲ್ಲ. ಗಾಳಿ ಚೆನ್ನಾಗಿದ್ದ ತಿಂಗಳುಗಳೇ ಅವು, ಬೇಕಂತಲೇ ಎನ್ನುವ ಹಾಗೆ.

ಹಾಗಂತ ಇದು ಆಗದ ಕೆಲಸ ಅಲ್ಲ. ಸ್ಕಾಟ್ಲೆಂಡಿನ ಗೀಯಾ ಎಂಬ ಪುಟ್ಟ ದ್ವೀಪದ ಜನ 2002ರಲ್ಲಿ ದ್ವೀಪವನ್ನೇ ಕೊಂಡುಕೊಂಡರು. ಆಮೇಲೆ ನಿಲ್ಲಿಸಿದ್ದು ನೀವು ಹೇಳುವಂಥದ್ದೇ 225 ಕಿಲೋವಾಟಿನ ಸೆಕೆಂಡ್ ಹ್ಯಾಂಡ್ ಯಂತ್ರ, ಆದರೆ ಮೂರು. 'ಕುಣಿಯುವ ಹೆಣ್ಣುಮಕ್ಕಳು' ಅಂತ ಅವಕ್ಕೆ ಹೆಸರಿಟ್ಟು, ಗ್ರಿಡ್ಡಿಗೆ, ಅಂದರೆ ಸಾರ್ವಜನಿಕ ವಿದ್ಯುತ್ ಜಾಲಕ್ಕೆ, ಕರೆಂಟ್ ಮಾರಿದರು. ಅವರಿಗೆ ಸಮುದ್ರದ ಗಾಳಿ ಇತ್ತು, ಸಾಲದ ಜತೆ ಅನುದಾನವೂ ಇತ್ತು. ಮುಂದೆ ಹೊಸ ಯಂತ್ರ ಕೊಳ್ಳಲು ದುಡ್ಡು ಎತ್ತಿಡುವ ಏರ್ಪಾಟನ್ನೂ ಮೊದಲೇ ಮಾಡಿಕೊಂಡಿದ್ದರು. ನಿಮ್ಮಲ್ಲಿ ಈ ಮೂರರಲ್ಲಿ ಯಾವುದಿದೆ, ನೋಡಿಕೊಳ್ಳಿ.

ಗಾಳಿಗೆ ದುಡ್ಡು ಕೊಡಬೇಕಾಗಿಲ್ಲ, ನಿಜ. ಆದರೆ ಖರ್ಚಿನ ಬಹುಪಾಲು ಮೊದಲ ದಿನವೇ ಆಗಿಹೋಗುತ್ತದೆ. ಹಾಗಾಗಿ ಬಡ್ಡಿ ನೂರಕ್ಕೆ ಒಂದು ರೂಪಾಯಿ ಹೆಚ್ಚಾದರೂ ಪ್ರತಿ ಯೂನಿಟ್‌ನ ವೆಚ್ಚದಲ್ಲಿ ಅದು ಕಾಣುತ್ತದೆ. ಯಂತ್ರದಿಂದ ವಿದ್ಯುತ್ ಲೈನಿಗೆ ಎಷ್ಟು ದೂರ, ಆ ತಂತಿ ಯಾರ ಖರ್ಚು ಅಂತಲೂ ಬರೆಸಿಕೊಳ್ಳಿ. ಅದು ಎಷ್ಟೋ ಸಲ ಕೊಟೇಶನ್‌ನಲ್ಲಿ ಇರುವುದೇ ಇಲ್ಲ. ಯೂನಿಟ್ಟಿನ ದರ ಎಷ್ಟು ವರ್ಷಕ್ಕೆ ಗಟ್ಟಿ ಅನ್ನುವುದೂ ಕಾಗದದಲ್ಲಿರಲಿ.

ಪ್ರಶ್ನೆ: ಅಷ್ಟೆಲ್ಲ ರಗಳೆ ಯಾಕೆ, ಮನೆ ಮನೆಯ ಛಾವಣಿ ಮೇಲೆ ಚಿಕ್ಕ ಗಾಳಿಯಂತ್ರ ಹಾಕಬಾರದೇ?

ಉತ್ತರ: ಬೇಡ. ಛಾವಣಿಯ ಹತ್ತಿರ ಗಾಳಿ ಮನೆಗೆ, ಮರಕ್ಕೆ ಬಡಿದು ಸುಳಿಸುಳಿಯಾಗಿರುತ್ತದೆ. ಮನೆ ನಡುಗುತ್ತದೆ, ಕರೆಂಟ್ ಅಷ್ಟಕ್ಕಷ್ಟೆ. ಛಾವಣಿ ಖಾಲಿ ಇದ್ದರೆ ಸೋಲಾರ್ ಹಾಕಿಸಿ.